ಹೆಬ್ಬಲಸು: ಬೀಜ ಹಸಿಯಿದ್ದಾಗಲೇ ಬಿತ್ತಿ

ಮೇ ಬಂತೆಂದರೆ ಮಲೆನಾಡು, ಕರಾವಳಿಯ ಕಾಡಂಚಿನಲ್ಲಿ ಹೆಬ್ಬಲಸಿನ ಹಣ್ಣು ಉದುರತೊಡಗುತ್ತದೆ. ತುಳುವರಿಗೆ ಪೆಜಕಾಯಿ, ಕೇರಳದವರಿಗೆ ಆಂಜಿಲಿ. ಹಲಸಿನ ಈ ದಾಯಾದಿ ಪಶ್ಚಿಮ ಘಟ್ಟದ ಸ್ವಂತ ಮರ. ಗೆದ್ದಲಿಗೂ ನೀರಿಗೂ ಸುಲಭಕ್ಕೆ ಬಗ್ಗದ ಮರವಾದ್ದರಿಂದ ಕೇರಳದ ದೋಣಿಸ್ಪರ್ಧೆಯ ಚುಂಡನ್ ದೋಣಿಗಳಿಗೆ ಇದೇ ಬೇಕು. 1980ರಲ್ಲಿ ಒಮಾನಿನಿಂದ ಚೀನಾಕ್ಕೆ ಹೊರಟ ‘ಸೋಹಾರ್’ ಹಾಯಿಹಡಗಿಗೂ ಮಲಬಾರಿನಿಂದ ಹೋದದ್ದು ಇದರ ಹಲಗೆಗಳೇ.

ಇಷ್ಟಿದ್ದರೂ ನರ್ಸರಿಗಳಲ್ಲಿ ತೇಗ, ಸಿಲ್ವರ್ ಓಕ್ ಸಿಕ್ಕಷ್ಟು ಸಲೀಸಾಗಿ ಇದರ ಸಸಿ ಸಿಗುವುದಿಲ್ಲ. ಬೀಜ ಒಣಗಿದರೆ ಸತ್ತಂತೆ. ಕೂಡಿಟ್ಟು ಮಾರಲು ಬರುವುದಿಲ್ಲ. ಹಾಗಾಗಿ ಸಸಿಯನ್ನು ನೀವೇ ಎಬ್ಬಿಸಿಕೊಳ್ಳುವುದು ಲೇಸು.

1. ತಾಯಿಮರ ಆರಿಸಿ
ಬೀಜದ ಸಸಿಗಳಲ್ಲಿ ರುಚಿ ಒಂದೇ ತೆರನಾಗಿರದು. ಆದರೂ ಸಿಹಿ ಹಣ್ಣಿನ, ಕಾಂಡ ನೇರವಾಗಿರುವ ಮರವನ್ನೇ ಹುಡುಕಿ. ಊರಿನ ಹಿರಿಯರನ್ನೋ ಹಣ್ಣು ಹೆಕ್ಕುವ ಮಕ್ಕಳನ್ನೋ ಕೇಳಿದರೆ ತೋರಿಸುತ್ತಾರೆ.

2. ಹಣ್ಣು ಕೂಡಿಸಿ
ಮರ ಬಲು ಎತ್ತರ, ಹತ್ತುವುದು ಅಪಾಯ. ಬುಡದಲ್ಲಿ ಹಳೆಯ ಬಲೆ ಅಥವಾ ಟಾರ್ಪಾಲು ಹಾಸಿ, ದಿನಾ ಬೆಳಿಗ್ಗೆ ಹೆಕ್ಕಿ. ಮೆತ್ತನೆಯ ಮುಳ್ಳುಗಳ ಸಿಪ್ಪೆ ಬಿಡಿಸಿದರೆ ಒಳಗೆ ಕಿತ್ತಳೆ ಬಣ್ಣದ ಪುಟ್ಟ ತೊಳೆಗಳು, ಪ್ರತಿ ತೊಳೆಯಲ್ಲೂ ಒಂದು ಬೀಜ. ತೊಳೆ ಚೀಪಿ, ಬೀಜ ಉಳಿಸಿಕೊಳ್ಳಿ.

3. ತೊಳೆಯಿರಿ, ಒಣಗಿಸಬೇಡಿ
ಅಂಟು ಹೋಗುವಂತೆ ಬೀಜವನ್ನು ನೀರಲ್ಲಿ ಉಜ್ಜಿ ತೊಳೆಯಿರಿ. ತಿರುಳು ಉಳಿದರೆ ಇರುವೆ, ಬೂಸ್ಟು ಎರಡೂ ಬರುತ್ತವೆ. ಬಿಸಿಲಿಗಂತೂ ಹಾಕಲೇಬೇಡಿ. ಅಂದೇ ಬಿತ್ತಲಾಗದಿದ್ದರೆ ತೇವದ ಮರಳಿನಲ್ಲಿ ಹುದುಗಿಸಿಯೋ ಒದ್ದೆ ಗೋಣಿಯಲ್ಲಿ ಸುತ್ತಿಯೋ ನೆರಳಲ್ಲಿಡಿ. ಅದೂ ನಾಲ್ಕೈದು ದಿನಕ್ಕಷ್ಟೇ.

4. ಬಿತ್ತಿ
ಕಾಡುಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ ಉದ್ದನೆಯ ಪಾಲಿಥಿನ್ ಚೀಲಕ್ಕೆ ತುಂಬಿ. ಬೀಜವನ್ನು ಅಡ್ಡ ಮಲಗಿಸಿ, ಒಂದೆರಡು ಸೆಂಟಿಮೀಟರ್ ಮಣ್ಣು ಮುಚ್ಚಿದರೆ ಸಾಕು. ಹೆಗ್ಗಣ, ಅಳಿಲಿನ ಕಾಟಕ್ಕೆ ಮೇಲೆ ಬಲೆ ಹೊದಿಸಿ. ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಮೊಳಕೆ ಕಾಣಿಸುತ್ತದೆ.

5. ಸಸಿ ಸಾಕಿ
ಎಳೆ ಸಸಿಗೆ ಅರೆನೆರಳು ಬೇಕು. ಮೇಲೆ ಅಡಿಕೆ ಸೋಗೆ ಹೊದಿಸಿದರಾಯಿತು. ನೀರು ನಿಲ್ಲಬಾರದು. ತಾಯಿಬೇರು ಬೇಗ ಚೀಲದ ತಳ ಮುಟ್ಟುವುದರಿಂದ ಆಗಾಗ ಚೀಲ ಸರಿಸುತ್ತಿರಿ. ಇಲ್ಲದಿದ್ದರೆ ಬೇರು ನೆಲಕ್ಕಿಳಿದು, ಎತ್ತುವಾಗ ಕಡಿದುಹೋಗುತ್ತದೆ.

ಎಳೆಯದರ ಎಲೆ ಆಳವಾಗಿ ಸೀಳಿರುತ್ತದೆ, ದೊಡ್ಡ ಮರದ ಎಲೆ ಇಡಿಯಾಗಿರುತ್ತದೆ. ಎಲೆ ಬೇರೆಯೆಂದು ಕಳೆಯ ಜೊತೆ ಕಿತ್ತೆಸೆಯದಂತೆ ಕೆಲಸದವರಿಗೂ ಹೇಳಿಡಿ. ಅನುಮಾನವಿದ್ದರೆ ಎಲೆಯ ತೊಟ್ಟು ಚಿವುಟಿ; ಬಿಳಿ ಹಾಲು ಒಸರುತ್ತದೆ.

6. ನಾಟಿ
ಮರುವರ್ಷ ಮುಂಗಾರು ಹಿಡಿದ ಮೇಲೆ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ನೆಡಿ. ಗಿಡದಿಂದ ಗಿಡಕ್ಕೆ ಎಂಟು ಹತ್ತು ಮೀಟರ್ ಅಂತರವಿರಲಿ. ಅಡಿಕೆ ತೋಟವಿದ್ದರೆ ದಕ್ಷಿಣ, ಪಶ್ಚಿಮದ ಬೇಲಿಯೇ ಸರಿಯಾದ ಜಾಗ. ಅಡಿಕೆ ಮರದ ಕಾಂಡ ಸುಡುವುದು ಆ ದಿಕ್ಕಿನ ಬಿಸಿಲಿಗೆ. ಮನೆ, ವಿದ್ಯುತ್ ತಂತಿಯಿಂದ ಸಾಕಷ್ಟು ದೂರವಿಡಿ. ಮಳೆ ಕಡಿಮೆಯಿರುವ ಬಯಲುಸೀಮೆಗೆ ಈ ಮರ ಹೇಳಿಸಿದ್ದಲ್ಲ.

7. ಮೊದಲ ಮೂರು ವರ್ಷ
ದನ, ಆಡುಗಳಿಗೆ ಇದರ ಸೊಪ್ಪು ಇಷ್ಟ, ಬೇಲಿ ಬೇಕೇ ಬೇಕು. ಬುಡಕ್ಕೆ ದರಗು ಮುಚ್ಚಿ, ಬೇಸಿಗೆಯಲ್ಲಿ ನೀರು ಕೊಡಿ. ಸಸಿ ಬೇರೂರಿದ ಮೇಲೆ ಮೇಲಿನ ನೆರಳು ಬಿಡಿಸಿ. ಬೆಳಕು ಸಿಕ್ಕಷ್ಟೂ ಏಳುತ್ತದೆ. ಕಾಂಡ ಗಟ್ಟಿಯಾದ ಮೇಲೆ ಕಾಳುಮೆಣಸಿನ ಬಳ್ಳಿ ಹಬ್ಬಿಸಬಹುದು.

ಆದಾಯದ ಲೆಕ್ಕ
ಹಣ್ಣಿಗೆ ಏಳೆಂಟು ವರ್ಷವಾದರೂ ಕಾಯಬೇಕು, ಮರಮಟ್ಟಿಗೆ ದಶಕಗಳೇ ಬೇಕು. ಅಲ್ಲಿಯವರೆಗೆ ಮೆಣಸು, ಸೊಪ್ಪು, ದರಗು ಸಿಗುತ್ತವೆ. ಮುಂದೆ ಹಣ್ಣು ಬಂದಾಗ ಬಿತ್ತಿ ಉಳಿದ ಬೀಜವನ್ನು ಹುರಿದು ತಿನ್ನಬಹುದು. ಉದ್ದನೆಯ ಗಂಡು ಹೂಗೊಂಚಲು ಒಣಗಿದ ಮೇಲೆ ಊದುಬತ್ತಿಯಂತೆ ಹೊಗೆಯಾಡುತ್ತದೆ; ಕೇರಳದಲ್ಲಿ ಸೊಳ್ಳೆ ಓಡಿಸಲು ಉರಿಸುವುದುಂಟು.

ಕಡಿಯುವ ಯೋಚನೆ ಬಂದಾಗ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಿದೆ, ಕಡಿಯಲು ಅನುಮತಿ ಬೇಕಾಗಬಹುದು. ನೆಟ್ಟ ವರ್ಷವೇ ಗಿಡಗಳ ಲೆಕ್ಕ, ಜಾಗದ ಸರ್ವೆ ನಂಬರು ಬರೆದಿಟ್ಟು ಒಂದು ಫೋಟೊ ತೆಗೆದಿಟ್ಟುಕೊಂಡರೆ ಮುಂದೆ ಅರ್ಜಿ ಹಾಕುವ ಮಕ್ಕಳಿಗೆ ಅಲೆದಾಟ ತಪ್ಪೀತು.