ಲಿಂಕನ್ ಮನೆತನದ ಮೂಲಶೋಧನೆ

ನಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳಲ್ಲಿ ಹಲವರಿಗೆ ಈಚಿನ ವರ್ಷಗಳಲ್ಲಿ ವಂಶಾವಳಿಯನ್ನು ಬರೆಯಿಸುವ ಆಸಕ್ತಿ ಹುಟ್ಟಿರುವುದು ಸಂತೋಷದ ವಿಷಯ. ತರವಾಡು ಮನೆಯ ಪುನಃಪ್ರತಿಷ್ಠೆಯ ಆಮಂತ್ರಣ ಪತ್ರಿಕೆಯೊಡನೆ ಈಗ ಒಂದು ವಂಶವೃಕ್ಷದ ಚಿತ್ರವೂ ಬರುವುದುಂಟು. ಆ ವೃಕ್ಷದ ಬುಡದಲ್ಲಿ ಒಬ್ಬ ಅರಸನೋ ಸೇನಾನಿಯೋ ಕುಳಿತಿರುವುದೇ ಹೆಚ್ಚು. ಬುಡವನ್ನು ಮೊದಲು ಕಲ್ಪಿಸಿಕೊಂಡು ಕೊಂಬೆಗೆ ಏರುವ ಈ ಕ್ರಮವನ್ನು ನಾನು ಒಪ್ಪಲಾರೆ. ಕೊಂಬೆಯಿಂದ ಹೊರಟು ಒಂದೊಂದು ತಲೆಮಾರಿಗೂ ಒಂದೊಂದು ದಾಖಲೆಯನ್ನು ಹಿಡಿದು ಬುಡಕ್ಕೆ ಇಳಿಯುವುದೇ ಸರಿಯಾದ ಮಾರ್ಗ. ಈ ಮಾರ್ಗಕ್ಕೆ ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ನನ ಮನೆತನದ ಶೋಧನೆಗಿಂತ ಒಳ್ಳೆಯ ನಿದರ್ಶನ ನನಗೆ ತೋರದು.

ಮರದ ದಿಮ್ಮಿಗಳ ಗುಡಿಸಲಿನಲ್ಲಿ ಹುಟ್ಟಿದ ಬಡ ಬಾಲಕನ ಕಥೆಯನ್ನು ನಾವೆಲ್ಲರೂ ಪಾಠದಲ್ಲಿ ಓದಿದವರೇ. ಆದರೆ ಆ ಬಾಲಕನಿಗೆ ತನ್ನ ಅಜ್ಜನಿಂದ ಆಚೆಗೆ ಏನೂ ಖಚಿತವಾಗಿ ಗೊತ್ತಿರಲಿಲ್ಲ. ಅಜ್ಜನ ಹೆಸರೂ ಅಬ್ರಹಾಂ. ವರ್ಜೀನಿಯದಿಂದ ಕೆಂಟಕಿಗೆ ವಲಸೆ ಬಂದು, ಅಲ್ಲಿನ ಮೂಲನಿವಾಸಿಗಳ ಕೈಯಲ್ಲಿ 1786ರಲ್ಲಿ ಹತನಾದವನು. 1848ರಲ್ಲಿ ಲಿಂಕನ್ ಕಾಂಗ್ರೆಸ್ ಸದಸ್ಯನಾಗಿದ್ದಾಗ, ಮಸಾಚುಸೆಟ್ಸಿನ ಹಿಂಗಮ್ ಊರಿನ ಸಾಲೊಮನ್ ಲಿಂಕನ್ ಎಂಬವರು ಪತ್ರ ಬರೆದು ಅವನ ಮೂಲವನ್ನು ವಿಚಾರಿಸಿದರು. ಮುತ್ತಜ್ಜನು ಪೆನ್ಸಿಲ್ವೇನಿಯದಿಂದ ವರ್ಜೀನಿಯಕ್ಕೆ ಬಂದವನೆಂಬ ಅಸ್ಪಷ್ಟ ಮಾತನ್ನು ಕೇಳಿದ್ದೇನೆ, ಅಷ್ಟೇ ಎಂಬರ್ಥದ ಉತ್ತರ ಹೋಯಿತು. 1859ರಲ್ಲಿ ಬರೆದ ಕಿರು ಆತ್ಮಕಥನದಲ್ಲೂ ಅವನು ಮುಂದಕ್ಕೆ ಹೋಗಲಿಲ್ಲ. ಮಸಾಚುಸೆಟ್ಸಿನ ಲಿಂಕನ್ನರಲ್ಲೂ ತಮ್ಮಲ್ಲೂ ಮೊರ್ಡೆಕೈ, ಸಾಲೊಮನ್, ಅಬ್ರಹಾಂ ಎಂಬ ಹೆಸರುಗಳು ಮರಳಿ ಮರಳಿ ಬರುತ್ತವೆ, ಅದಕ್ಕಿಂತ ಹೆಚ್ಚಿನ ಆಧಾರ ದೊರೆತಿಲ್ಲವೆಂದು ಪ್ರಾಮಾಣಿಕವಾಗಿ ಹೇಳಿದನು.

ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯುಳ್ಳ ನಮಗೆ ಈ ಸುಳಿವು ಸುಲಭವಾಗಿ ಅರ್ಥವಾಗುತ್ತದೆ. ಆದರೆ ಹೆಸರು ಸುಳಿವು ಮಾತ್ರ, ಪುರಾವೆಯಲ್ಲ. ಪುರಾವೆ ದೊರೆತದ್ದು ಲಿಂಕನ್ನನ ಮರಣಾನಂತರ, ನ್ಯಾಯಾಲಯಗಳ ಕಡತಗಳಲ್ಲಿ. ಮೂರನೆಯ ತಲೆಮಾರಿನ ಮೊರ್ಡೆಕೈ 1736ರಲ್ಲಿ ಪೆನ್ಸಿಲ್ವೇನಿಯದಲ್ಲಿ ಮರಣ ಹೊಂದಿದನು. ಅವನು ತನ್ನ ಉಯಿಲಿನಲ್ಲಿ, ನ್ಯೂಜೆರ್ಸಿಯಲ್ಲಿದ್ದ 300 ಎಕರೆ ಭೂಮಿಯನ್ನು ಜಾನ್ ಎಂಬ ಮಗನಿಗೆ ಬಿಟ್ಟಿದ್ದನು. ಆ ಭೂಮಿಯನ್ನು ಜಾನ್ ಮಾರಿದ ಕ್ರಯಪತ್ರವೂ ಸಿಕ್ಕಿತು. ಈ ಜಾನನೇ ವರ್ಜೀನಿಯಕ್ಕೆ ಹೋದ ಮುತ್ತಜ್ಜ. ಹೀಗೆ ಒಂದು ತುಂಡು ಭೂಮಿ ತಂದೆಯನ್ನೂ ಮಗನನ್ನೂ ಜೋಡಿಸಿತು. 1887ರಲ್ಲಿ ಸ್ಯಾಮ್ಯುಯೆಲ್ ಶ್ಯಾಕ್‌ಫರ್ಡ್ ಎಂಬವರು ಬೋಸ್ಟನ್ನಿನ ವಂಶಚರಿತ್ರೆಯ ಪತ್ರಿಕೆಯೊಂದರಲ್ಲಿ ಈ ವಂಶಸರಣಿಯನ್ನು ಪ್ರಕಟಿಸಿದರು. ಲಿಂಕನ್ ಜನ್ಮಶತಾಬ್ದಿಯ 1909ರಲ್ಲಿ ಲೀ ಮತ್ತು ಹಚಿನ್‌ಸನ್ ಎಂಬವರು ಇಂಗ್ಲೆಂಡಿನ ದಾಖಲೆಗಳನ್ನೂ ಶೋಧಿಸಿ ಗ್ರಂಥವನ್ನೇ ಹೊರತಂದರು.

ಮೂಲಪುರುಷ ಸ್ಯಾಮ್ಯುಯೆಲ್ ಲಿಂಕನ್. ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದ ಹಿಂಗಮ್‌ನಲ್ಲಿ 1622ರಲ್ಲಿ ಅವನಿಗೆ ದೀಕ್ಷಾಸ್ನಾನವಾಯಿತು. ನೇಕಾರನೊಬ್ಬನ ಬಳಿ ಕೆಲಸ ಕಲಿಯುತ್ತಿದ್ದ ಹುಡುಗ 1637ರಲ್ಲಿ ಯಜಮಾನನೊಡನೆ ಹಡಗು ಹತ್ತಿದನು. ತಮ್ಮೂರಿನವರೇ ಮಸಾಚುಸೆಟ್ಸಿನಲ್ಲಿ ಕಟ್ಟಿದ್ದ, ತಮ್ಮೂರಿನ ಹೆಸರನ್ನೇ ಹೊತ್ತ ಹೊಸ ಹಿಂಗಮ್‌ನಲ್ಲಿ ನೆಲಸಿದನು. ಅಲ್ಲಿಂದ ಮೊರ್ಡೆಕೈ, ಅವನ ಮಗ ಮತ್ತೊಬ್ಬ ಮೊರ್ಡೆಕೈ, ಜಾನ್, ಅಬ್ರಹಾಂ, ಥಾಮಸ್, ಏಳನೆಯವನು ಅಧ್ಯಕ್ಷ. ಅರಸರೂ ಇಲ್ಲ, ಸೇನಾಧಿಪತಿಗಳೂ ಇಲ್ಲ. ಆದರೆ ನಿರ್ಗತಿಕರೂ ಅಲ್ಲ. ಕಬ್ಬಿಣ ಕರಗಿಸುವ ಉದ್ಯಮ, ಹೊಲಮನೆ ಇದ್ದವರು.

ಹಾಗಾದರೆ ಥಾಮಸ್ ಏಕೆ ಬಡವನಾದ? ಇದು ಶೋಧನೆಯಿಂದ ಬೆಳಕಿಗೆ ಬಂದ ಮುಖ್ಯ ಸಂಗತಿಗಳಲ್ಲೊಂದು. ಅಜ್ಜನು ಸಾವಿರಾರು ಎಕರೆ ಭೂಮಿಯ ಹಕ್ಕನ್ನು ಪಡೆದಿದ್ದರೂ ಅಂದಿನ ಕಾನೂನಿನಂತೆ ಎಲ್ಲವೂ ಹಿರಿಯ ಮಗನಿಗೆ ಸಂದಿತು. ಎಂಟು ವರ್ಷದ ಕಿರಿಯ ಮಗ ಥಾಮಸನಿಗೆ ಏನೂ ಇಲ್ಲ. ಅಲೆದಾಡಿ ಕೂಲಿ ಮಾಡುತ್ತಾ ಬೆಳೆದನು. ಮುಂದೆ ಅವನೇ ಕೊಂಡ ಜಮೀನುಗಳಿಗೂ ಹಕ್ಕುಪತ್ರದ ತಕರಾರು ಬಂದು, 1816ರಲ್ಲಿ ಇಂಡಿಯಾನಕ್ಕೆ ಗುಳೆ ಹೋಗಬೇಕಾಯಿತು. ಅಂದಿನ ಭೂದಾಖಲೆಯಲ್ಲಿ ಅಜ್ಜನ ಹೆಸರನ್ನು ‘ಲಿಂಕ್‌ಹಾರ್ನ್’ ಎಂದು ಬರೆದಿದೆ. 1956ರ ನಂತರ ಒಂದೇ ಮನೆಯ ಹೆಸರು ಕನ್ನಡದ ಪತ್ರದಲ್ಲಿ ಒಂದು ಬಗೆ, ಮಲಯಾಳದ ಪತ್ರದಲ್ಲಿ ಇನ್ನೊಂದು ಬಗೆಯಾಗಿ, ಅವೆರಡೂ ಒಂದೇ ಎಂದು ಸಾಧಿಸಲು ಕಚೇರಿಯಿಂದ ಕಚೇರಿಗೆ ಅಲೆದ ನಮ್ಮ ಗಡಿನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ತಾಯಿಯ ವಿಚಾರ. ತಾಯಿ ನ್ಯಾನ್ಸಿ ಹ್ಯಾಂಕ್ಸ್. ಲಿಂಕನ್ನನ ತಂದೆತಾಯಿಗಳಿಗೆ ವಿವಾಹವೇ ಆಗಿರಲಿಲ್ಲವೆಂಬ ಅಪವಾದ ಅವನ ಕಾಲದಲ್ಲಿಯೇ ಹಬ್ಬಿತ್ತು. ಅವರು ಬಾಳಿದ ಹಾರ್ಡಿನ್ ಜಿಲ್ಲೆಯ ಕಡತಗಳಲ್ಲಿ ವಿವಾಹದ ದಾಖಲೆ ದೊರೆಯಲಿಲ್ಲವೆಂಬುದೇ ನಿಂದಕರಿಗೆ ಬಲವಾಯಿತು. 1878ರಲ್ಲಿ ನೆರೆಯ ವಾಷಿಂಗ್‌ಟನ್ ಜಿಲ್ಲೆಯ ನ್ಯಾಯಾಲಯದ ಗುಮಾಸ್ತರು ಹಳೆಯ ಕಟ್ಟುಗಳನ್ನು ಬಿಚ್ಚಿದಾಗ ಆ ದಾಖಲೆ ಅಲ್ಲಿತ್ತು: 1806ರ ಜೂನ್ 10ರ ಮುಚ್ಚಳಿಕೆ, ಜೂನ್ 12ರ ವಿವಾಹ, ಜೆಸ್ಸಿ ಹೆಡ್ ಎಂಬ ಪಾದ್ರಿಯ ಸಹಿ. ಮದುವೆ ನಡೆದದ್ದು ಹೆಣ್ಣಿನ ಕಡೆಯವರ ಊರಿನಲ್ಲಿ. ಹುಡುಕಿದ್ದು ಗಂಡಿನ ಮನೆಯಿದ್ದ ಊರಿನಲ್ಲಿ! ಲಿಂಕನ್ ತೀರಿಹೋಗಿ ಆಗ 13 ವರ್ಷಗಳಾಗಿದ್ದವು.

ನ್ಯಾನ್ಸಿಯ ತಾಯಿ ಲೂಸಿ. ತಂದೆಯ ಹೆಸರು ಯಾವ ದಾಖಲೆಯಲ್ಲಿಯೂ ಇಲ್ಲ. ಲೂಸಿ ಹ್ಯಾಂಕ್ಸ್ ಮನೆತನದ ಮಗಳೋ, ಶಿಪ್ಲೆ ಮನೆತನದಿಂದ ಬಂದ ಸೊಸೆಯೋ ಎಂದು ನೂರು ವರ್ಷಕ್ಕೂ ಮೀರಿ ವಾದ ನಡೆಯಿತು. ಆಗ ನೆರವಿಗೆ ಬಂದದ್ದು ಡಿ.ಎನ್.ಎ. ಪರೀಕ್ಷೆ. ನಮ್ಮ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯ ಎಂಬ ಕಣಗಳಿವೆ; ಅವುಗಳ ಡಿ.ಎನ್.ಎ. ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ, ಮಗನಿಂದ ಮುಂದಕ್ಕೆ ಹೋಗದು. ನ್ಯಾನ್ಸಿಯ ಒಬ್ಬಳೇ ಮಗಳು ಸಾರಾ 1828ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಆದ್ದರಿಂದ ಹೆಣ್ಣುಸಂತತಿಯ ಮೂಲಕ ಬಂದ ಇತರ ಬಂಧುಗಳನ್ನು ಹುಡುಕಿ ಪರೀಕ್ಷಿಸಿದರು. 2015ರಲ್ಲಿ ಹೊರಬಂದ ಫಲಿತಾಂಶದಿಂದ ಲೂಸಿಯು ಹ್ಯಾಂಕ್ಸ್ ಮನೆಯ ಮಗಳೆಂಬ ಪಕ್ಷ ಗೆದ್ದಿತು.

ಅಳಿಯಸಂತಾನದ ಕಟ್ಟಿನಲ್ಲಿ ಬೆಳೆದ ವಾಚಕರು ಇಲ್ಲಿ ಮುಗುಳ್ನಕ್ಕಾರು. ಮೈಟೊಕಾಂಡ್ರಿಯ ಹೋಗುವ ದಾರಿಯೂ ನಮ್ಮ ಕುಟುಂಬ ಹೋಗುವ ದಾರಿಯೂ ಒಂದೇ! ಕೇರಳದಲ್ಲಿ ಅವಿಭಕ್ತ ಕುಟುಂಬ ಪದ್ಧತಿ 1976ರಲ್ಲಿ ಕಾನೂನಿನಿಂದ ರದ್ದಾದರೂ, ಅಜ್ಜಿಯ ಅಜ್ಜಿಯ ಹೆಸರನ್ನು ತಡವರಿಸದೆ ಹೇಳುವ ಹಿರಿಯರು ನಮ್ಮಲ್ಲಿನ್ನೂ ಇದ್ದಾರೆ. ತಂದೆಯ ಸಾಲನ್ನೇ ಹಿಡಿದು ಹೋಗುವ ದೇಶದಲ್ಲಿ ಅದಕ್ಕೆ ಪ್ರಯೋಗಾಲಯ ಬೇಕಾಯಿತು.

ಸಂತತಿಯ ಕಥೆ ಚಿಕ್ಕದು. ನಾಲ್ವರು ಗಂಡುಮಕ್ಕಳಲ್ಲಿ ರಾಬರ್ಟ್ ಒಬ್ಬನೇ ಪ್ರೌಢವಯಸ್ಸನ್ನು ಕಂಡವನು. ಅವನ ಮಗಳ ಮಗ ರಾಬರ್ಟ್ ಬೆಕ್‌ವಿತ್ 1985ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಅಧ್ಯಕ್ಷನ ನೇರ ಸಂತತಿ ಮುಗಿಯಿತು. ಥಾಮಸನ ಅಣ್ಣಂದಿರ ಕವಲುಗಳು ಮಾತ್ರ ಮುಂದುವರಿದವು.

ಆದರೆ ಅದೇ ದೇಶದಲ್ಲಿ ಲಿಂಕನ್ ಯಾರ ಬಿಡುಗಡೆಗಾಗಿ ಹೆಣಗಿದನೋ ಅವರ ಮೊಮ್ಮಕ್ಕಳು ವಂಶಾವಳಿ ಹುಡುಕಹೊರಟರೆ 1870ರಲ್ಲಿ ಒಂದು ಗೋಡೆ ಎದುರಾಗುತ್ತದೆ. ಬಿಡುಗಡೆಗೊಂಡವರೆಲ್ಲರನ್ನೂ ಹೆಸರು ಹಿಡಿದು ಎಣಿಸಿದ್ದು ಆ ವರ್ಷದ ಜನಗಣತಿಯಲ್ಲಿಯೇ ಮೊದಲು. 1850 ಮತ್ತು 1860ರ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಮೈಬಣ್ಣ ಇಷ್ಟೇ. ಆ ಗೋಡೆಯನ್ನು ದಾಟಬೇಕಾದರೆ ಒಡೆಯನ ಉಯಿಲು, ಸಾಲಪತ್ರ, ಮಾರಾಟದ ಚೀಟಿಗಳಲ್ಲಿ ದನಕರುಗಳ ಪಟ್ಟಿಯ ನಡುವೆ ತಮ್ಮ ಅಜ್ಜಿಯ ಹೆಸರನ್ನು ಹುಡುಕಬೇಕು. ಹಾಗೆ ಹುಡುಕಿ ಕಂಡವರೂ ಇದ್ದಾರೆ.

ನಮ್ಮ ಶಾಲೆಯ ದಾಖಲಾತಿ ಪುಸ್ತಕಗಳು ಮೊದಲ ವರ್ಷದಿಂದಲೂ ಉಳಿದಿವೆ. ಪೋಷಕರ ಅಂಕಣದಲ್ಲಿ ಅನೇಕ ಕಡೆ ತಂದೆಯ ಬದಲು ಸೋದರಮಾವನ ಹೆಸರಿದೆ. ಮನೆಯ ಹೆಸರೂ ಇದೆ. ಪುಟಗಳ ಅಂಚುಗಳು ಪುಡಿಯಾಗತೊಡಗಿವೆ. ವಂಶಾವಳಿ ಬರೆಯಿಸುವ ಮಿತ್ರರು ಅರಸನಲ್ಲಿಗೆ ಹೋಗುವ ಮುನ್ನ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಅವುಗಳನ್ನೊಮ್ಮೆ ನೋಡಲಿ. ಸಾಧ್ಯವಾದರೆ ಒಂದು ನಕಲು ಪ್ರತಿಯನ್ನೂ ಮಾಡಿಸಿಕೊಡಲಿ.