ಕುದುರೆಯ ನಡೆ ಮತ್ತು ಆಟಗಾರನ ನಡತೆ

ಕಾಯಿ ಎಂದೊಡನೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯವರಾದ ನಮಗೆ ಮೊದಲು ನೆನಪಾಗುವುದು ತೆಂಗು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಒಡೆಯದೆಯೇ ಅಲ್ಲಾಡಿಸಿ, ಒಳಗಿನ ಗಿಟುಕು ಕರಟದಿಂದ ಬಿಟ್ಟಿದೆಯೇ ಎಂಬುದನ್ನು ಸದ್ದಿನಿಂದಲೇ ತಿಳಿಯುವ ಕ್ರಮ ಇಲ್ಲುಂಟು. ಚದುರಂಗದ ಕಾಯಿಯ ನಡೆಯನ್ನೂ ಇಂತಹ ಸುಲಭವಾದ ಗುರುತಿನಿಂದ ಪರೀಕ್ಷಿಸಬಹುದೇ? ವಿಚಾರ ಮಾಡೋಣ.

ಕುದುರೆಯು ಒಂದು ದಿಕ್ಕಿನಲ್ಲಿ ಎರಡು ಮನೆ, ಅಡ್ಡಲಾಗಿ ಒಂದು ಮನೆ ಸರಿಯುತ್ತದೆ. ಒಟ್ಟು ಮೂರು ಹೆಜ್ಜೆ. ಪ್ರತಿ ಹೆಜ್ಜೆಗೂ ಮನೆಯ ಬಣ್ಣ ಬದಲಾಗುವುದರಿಂದ, ಮೂರು ಹೆಜ್ಜೆಗಳ ಕೊನೆಗೆ ಕುದುರೆ ಬೇರೆ ಬಣ್ಣದ ಮನೆಯಲ್ಲಿರಲೇಬೇಕು. ಬಿಳಿ ಮನೆಯಿಂದ ಹೊರಟು ಬಿಳಿ ಮನೆಗೇ ಬಂದರೆ ಆ ನಡೆ ತಪ್ಪು. ಒಂಟೆಯ ನಿಯಮ ಇದಕ್ಕೆ ವಿರುದ್ಧ: ಅದು ಹುಟ್ಟಿದ ಬಣ್ಣವನ್ನು ಎಂದಿಗೂ ಬಿಡದು.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯ ನಡೆಯಿಂದಲೇ 64 ಮನೆಗಳನ್ನೂ ಒಂದೊಂದು ಸಲ ಮುಟ್ಟುವ ಸಂಚಾರಗಳನ್ನು ರಚಿಸಿದವರು. ಇಂತಹ ಸಂಚಾರದಲ್ಲಿ ಮನೆಗಳಿಗೆ ಕ್ರಮವಾಗಿ 1ರಿಂದ 64ರವರೆಗೆ ಅಂಕೆ ಹಾಕಿದರೆ, ಬೆಸ ಅಂಕೆಗಳೆಲ್ಲ ಒಂದು ಬಣ್ಣದಲ್ಲಿಯೂ ಸಮ ಅಂಕೆಗಳೆಲ್ಲ ಇನ್ನೊಂದು ಬಣ್ಣದಲ್ಲಿಯೂ ಬೀಳುತ್ತವೆ. 49 ಮನೆಗಳ ಮಣೆಯಲ್ಲಿ ಎಲ್ಲ ಮನೆಗಳನ್ನೂ ಸುತ್ತಿ ಹೊರಟ ಮನೆಗೇ ಮರಳುವುದು ಏಕೆ ಅಸಾಧ್ಯವೆಂಬುದನ್ನು ವಿದ್ಯಾರ್ಥಿಗಳು ಇದರಿಂದ ತಾವೇ ಸಾಧಿಸಬಹುದು.

ಆದರೆ ಈ ಪರೀಕ್ಷೆಗೆ ಒಂದು ಮಿತಿಯುಂಟು. ಸದ್ದು ಗಿಟುಕು ಬಿಟ್ಟಿರುವುದನ್ನು ಹೇಳುತ್ತದೆಯೇ ಹೊರತು ಅದರ ಬಣ್ಣವನ್ನು ಹೇಳದು. ಹಾಗೆಯೇ, ಬಣ್ಣ ತಪ್ಪಿದರೆ ನಡೆ ಖಂಡಿತ ತಪ್ಪು. ಬಣ್ಣ ಸರಿಯಿದ್ದ ಮಾತ್ರಕ್ಕೆ ನಡೆ ಸರಿಯೆನ್ನಲಾಗದು. ತನ್ನ ರಾಜನಿಗೆ ಚೆಕ್ ಬಿದ್ದಿರುವಾಗ ಅದನ್ನು ತಪ್ಪಿಸದೆ ಕುದುರೆಯನ್ನು ಹಾರಿಸಿದರೆ, ಬಣ್ಣ ಸರಿಯಾಗಿಯೇ ಬದಲಾಗಿದ್ದರೂ ಅದು ನಿಯಮಬಾಹಿರವೇ. ಭೌತಶಾಸ್ತ್ರದಲ್ಲಿ ಶಕ್ತಿಯ ಸಂರಕ್ಷಣಾ ನಿಯಮವೂ ಇಂತಹುದೇ: ಅದನ್ನು ಮೀರಿದ ಲೆಕ್ಕ ತಪ್ಪು, ಮೀರದ ಲೆಕ್ಕವೆಲ್ಲ ಸರಿಯಲ್ಲ.

ಪಂದ್ಯಗಳಲ್ಲಿ ತಪ್ಪು ನಡೆ ಕಂಡುಬಂದರೆ, ಅದು ನಡೆಯುವುದಕ್ಕೆ ಮುಂಚಿನ ಸ್ಥಿತಿಗೆ ಮಣೆಯನ್ನು ತರಬೇಕು. ಮುಟ್ಟಿದ ಕಾಯಿಗೆ ಸರಿಯಾದ ನಡೆಯಿದ್ದರೆ ಅದನ್ನೇ ನಡೆಸಬೇಕು. ದೀರ್ಘಾವಧಿಯ ಪಂದ್ಯದಲ್ಲಿ ಮೊದಲ ತಪ್ಪಿಗೆ ಎದುರಾಳಿಗೆ 2 ನಿಮಿಷ ಹೆಚ್ಚಿನ ಕಾಲ ದೊರೆಯುತ್ತದೆ. ಅದೇ ಆಟಗಾರನ ಎರಡನೆಯ ತಪ್ಪಿಗೆ ಸಾಮಾನ್ಯವಾಗಿ ಸೋಲೇ ಗತಿ.

2017ರ ಡಿಸೆಂಬರಿನಲ್ಲಿ ರಿಯಾದ್ ನಗರದಲ್ಲಿ ನಡೆದ ವಿಶ್ವ ಅತಿವೇಗದ ಚದುರಂಗ ಪಂದ್ಯಾವಳಿಯಲ್ಲಿ ರಷ್ಯದ ಇನಾರ್ಕಿಯೆವ್, ತನ್ನ ರಾಜನಿಗೆ ಬಿದ್ದ ಚೆಕ್ಕನ್ನು ಬಿಡಿಸಿಕೊಳ್ಳದೆ, ಕುದುರೆಯಿಂದ ಎದುರಾಳಿಗೇ ಚೆಕ್ ಕೊಟ್ಟರು. ಕಾರ್ಲ್‌ಸನ್ ತಪ್ಪನ್ನು ಎತ್ತಿಹೇಳದೆ ರಾಜನನ್ನು ಸರಿಸಿದರು. ಆಗ ಇನಾರ್ಕಿಯೆವ್, ಕಾರ್ಲ್‌ಸನ್ನರ ನಡೆಯೇ ತಪ್ಪೆಂದು ಗೆಲುವನ್ನು ಕೇಳಿದರು! ಮೊದಲು ಅವರ ಪರವಾಗಿ ಬಂದ ತೀರ್ಪನ್ನು ಮುಖ್ಯ ತೀರ್ಪುಗಾರರು ತಿದ್ದಿ, ಆಟ ಮುಂದುವರಿಯಲೆಂದರು. ಇನಾರ್ಕಿಯೆವ್ ಒಪ್ಪಲಿಲ್ಲ, ಗೆಲುವು ಕಾರ್ಲ್‌ಸನ್ನರದಾಯಿತು.

ಜಗಲಿಯ ಮೇಲಿನ ಆಟದಲ್ಲಿ ಗಡಿಯಾರವೂ ಇಲ್ಲ, ತೀರ್ಪುಗಾರನೂ ಇಲ್ಲ. ಇಬ್ಬರೂ ಒಪ್ಪಿ ನಡೆಯನ್ನು ಹಿಂದಕ್ಕೆ ತೆಗೆದುಕೊಂಡರೆ ಅದರಲ್ಲಿ ಮೋಸವಿಲ್ಲ. ಅರಿಯದೆ ನಡೆದ ತಪ್ಪು ಬರಿಯ ತಪ್ಪು. ಅದನ್ನು ಅರಿತ ಮೇಲೂ ಎದುರಾಳಿ ಗಮನಿಸಲಿಲ್ಲವೆಂದು ಸುಮ್ಮನಿರುವುದು ವಂಚನೆ. ನಿಯಮಪುಸ್ತಕವು ನಡೆಯನ್ನು ಮಾತ್ರ ಅಳೆಯಬಲ್ಲದು, ಮನಸ್ಸನ್ನಲ್ಲ.

ಪ್ರಯೋಗಶಾಲೆಯಲ್ಲಿಯೂ ವಿದ್ಯಾರ್ಥಿಯು ಇದೇ ಮಣೆಯ ಮುಂದೆ ಕುಳಿತಿರುತ್ತಾನೆ. ಉತ್ತರ ಹೊಂದದಿದ್ದಾಗ ಅಂಕೆಯೊಂದನ್ನು ಸದ್ದಿಲ್ಲದೆ ತಿದ್ದುವುದು ಸುಲಭ. ನೋಡುವವರು ಯಾರೂ ಇರುವುದಿಲ್ಲ. ತಪ್ಪು ಹೊಕ್ಕ ಸಾಲಿನವರೆಗೆ ಹಿಂದಿರುಗಿ ಅಲ್ಲಿಂದ ಮತ್ತೆ ಹೊರಡುವುದು ಕಷ್ಟ. ಚದುರಂಗದ ನಿಯಮವು ಹೇಳುವುದೂ ಅದನ್ನೇ, ವಿಜ್ಞಾನವು ನಮ್ಮಿಂದ ಬಯಸುವುದೂ ಅದನ್ನೇ.