ವಿಡಿಯೋ ಆಟ: ಕೊಳ್ಳುವುದು ವಸ್ತುವನ್ನೋ, ಅನುಮತಿಯನ್ನೋ?

ವಿಡಿಯೋ ಆಟವನ್ನು ಕೊಳ್ಳಲು ಇಂದು ಎರಡು ದಾರಿಗಳಿವೆ. ಅಂಗಡಿಯಿಂದ ಡಿಸ್ಕನ್ನು ತರಬಹುದು. ಇಲ್ಲವೆ ಅಂತರಜಾಲದ ಮಳಿಗೆಗೆ ಹಣ ತೆತ್ತು ಮನೆಯಲ್ಲಿಯೇ ಇಳಿಸಿಕೊಳ್ಳಬಹುದು. ಇವೆರಡರಲ್ಲಿ ಯಾವುದು ಲೇಸು? ಮೊದಲು ಭೌತವಿಜ್ಞಾನದ ದೃಷ್ಟಿಯಿಂದ ವಿಚಾರಿಸೋಣ.

ಡಿಸ್ಕಿನೊಳಗೆ ಏನಿದೆ?

ಆಟವೆಂದರೆ ಮೂಲತಃ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕೆಗಳ ದೀರ್ಘವಾದ ಸಾಲು. ಇಂತಹ ಒಂದೊಂದು ಅಂಕೆಗೂ ಬಿಟ್ ಎಂದು ಹೆಸರು. ಎಂಟು ಬಿಟ್‌ಗಳು ಸೇರಿದರೆ ಒಂದು ಬೈಟ್. ಡಿಸ್ಕಿನಲ್ಲಿ ಈ ಸಾಲು ಅತಿಸೂಕ್ಷ್ಮವಾದ ಕುಳಿಗಳ ರೂಪದಲ್ಲಿ ಸುರುಳಿಯಾಗಿ ಅಚ್ಚಾಗಿರುತ್ತದೆ. ಲೇಸರ್ ಕಿರಣವು ಕುಳಿಯ ಅಂಚನ್ನು ದಾಟುವಾಗ ಪ್ರತಿಫಲಿಸಿದ ಬೆಳಕಿನ ತೀವ್ರತೆ ಬದಲಾಗುತ್ತದೆ. ಯಂತ್ರವು ಓದುವುದು ಆ ಬದಲಾವಣೆಯನ್ನೇ.

ಅಲೆಯುದ್ದವು ಕಿರಿದಾದಷ್ಟೂ ಬೆಳಕನ್ನು ಸಣ್ಣ ಚುಕ್ಕೆಯಾಗಿ ಕೇಂದ್ರೀಕರಿಸಬಹುದು. ಡಿವಿಡಿಯನ್ನು 650 ನ್ಯಾನೊಮೀಟರ್ ಅಲೆಯುದ್ದದ ಕೆಂಪು ಬೆಳಕು ಓದುತ್ತದೆ. ಬ್ಲೂ-ರೇ ಡಿಸ್ಕನ್ನು 405 ನ್ಯಾನೊಮೀಟರ್‌ಗಳ ನೇರಳೆ ಬೆಳಕು ಓದುತ್ತದೆ. ಮಸೂರವನ್ನೂ ಸುಧಾರಿಸಿದುದರಿಂದ, ಒಂದು ಪದರದಲ್ಲಿ ಡಿವಿಡಿಯು 4.7 ಗಿಗಾಬೈಟುಗಳನ್ನು ಹಿಡಿದರೆ ಬ್ಲೂ-ರೇ 25 ಗಿಗಾಬೈಟುಗಳನ್ನು ಹಿಡಿಯುತ್ತದೆ.

ಒಂದು ಲೆಕ್ಕ

ಎರಡು ಪದರಗಳ ಡಿಸ್ಕೊಂದರಲ್ಲಿ 50 ಗಿಗಾಬೈಟ್, ಅಂದರೆ 40,000 ಕೋಟಿ ಬಿಟ್‌ಗಳಿವೆ. ವಿದ್ಯಾರ್ಥಿಯೊಬ್ಬನು ಅದನ್ನು ಉಡುಪಿಯ ಪೇಟೆಯಲ್ಲಿ ಕೊಂಡು ಅರ್ಧ ಗಂಟೆಯಲ್ಲಿ ಅಂಬಲಪಾಡಿಯ ಮನೆಗೆ ನಡೆದು ಬಂದನೆಂದು ಭಾವಿಸೋಣ. ಅವನ ಚೀಲದಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 22 ಕೋಟಿ ಬಿಟ್‌ಗಳು ಸಾಗಿದಂತಾಯಿತು! ಸೆಕೆಂಡಿಗೆ 5 ಕೋಟಿ ಬಿಟ್‌ಗಳ ಸಂಪರ್ಕವಿರುವ ಮನೆಯಲ್ಲಿ ಅದೇ ಆಟವು ಇಳಿಯಲು 8,000 ಸೆಕೆಂಡು, ಎಂದರೆ ಎರಡೂಕಾಲು ಗಂಟೆಗೆ ತುಸು ಕಡಿಮೆ ಬೇಕು.

ಆದರೆ ಜಾಲಕ್ಕೆ ತನ್ನದೇ ಆದ ಅನುಕೂಲವುಂಟು. ಡಿಸ್ಕನ್ನು ಅಚ್ಚೊತ್ತಿ ಊರೂರಿಗೆ ಸಾಗಿಸುವ ವೆಚ್ಚ ಅದಕ್ಕಿಲ್ಲ. ಉಡುಪಿಯಲ್ಲಿಯೇ 99ಗೇಮ್ಸ್ ಸಂಸ್ಥೆಯು ರಚಿಸಿದ ‘ಸ್ಟಾರ್ ಶೆಫ್’ ಎಂಬ ಅಡುಗೆಯ ಆಟವು 2014ರಲ್ಲಿ ಹೊರಬಂದು ಜಾಲದ ಮೂಲಕವೇ ದೇಶದೇಶಗಳ ಫೋನುಗಳನ್ನು ಸೇರಿತು.

ಒಡೆತನ ಯಾರದು?

ಬಿಟ್‌ಗಳು ಎರಡು ದಾರಿಗಳಲ್ಲಿಯೂ ಒಂದೇ, ವ್ಯತ್ಯಾಸವಿರುವುದು ಒಡೆತನದಲ್ಲಿ. ಡಿಸ್ಕನ್ನು ಗೆಳೆಯನಿಗೆ ಎರವಲು ಕೊಡಬಹುದು, ಆಡಿ ಮುಗಿದ ಬಳಿಕ ಮಾರಲೂಬಹುದು. ಇಳಿಸಿಕೊಂಡ ಆಟವು ಸಾಮಾನ್ಯವಾಗಿ ಕೊಂಡವನ ಖಾತೆಗೆ ಕಟ್ಟುಬಿದ್ದ ಪರವಾನಗಿ ಮಾತ್ರ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ 2025ರಿಂದ ಜಾರಿಗೆ ಬಂದಿರುವ ಕಾಯದೆಯು, ಮಾರುವವರು ಈ ಸಂಗತಿಯನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ವಿಧಿಸುತ್ತದೆ.

ಹಾಗೆಂದು ಡಿಸ್ಕ್ ಕೈಯಲ್ಲಿದ್ದರೆ ನಿಶ್ಚಿಂತೆಯೆನ್ನುವಂತಿಲ್ಲ. ಫ್ರಾನ್ಸಿನ ಯೂಬಿಸಾಫ್ಟ್ ಸಂಸ್ಥೆಯು ‘ದಿ ಕ್ರೂ’ ಎಂಬ ಆಟದ ಸರ್ವರುಗಳನ್ನು 2024ರ ಮಾರ್ಚ್ 31ರಂದು ನಿಲ್ಲಿಸಿದಾಗ, ಡಿಸ್ಕ್ ಕೊಂಡವರಿಗೂ ಆಟವು ದಕ್ಕಲಿಲ್ಲ. ಮತ್ತೊಂದೆಡೆ, ಪೋಲೆಂಡಿನ ಗಾಗ್ ಮಳಿಗೆಯಿಂದ ಇಳಿಸಿದ ಕಡತಗಳನ್ನು ನಮ್ಮಲ್ಲಿಯೇ ಕಾದಿರಿಸಿಕೊಂಡು ಜಾಲದ ನೆರವಿಲ್ಲದೆ ಸ್ಥಾಪಿಸಬಹುದು.

ಆದುದರಿಂದ ಹಣ ತೆರುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ನಮ್ಮ ಯಂತ್ರದಲ್ಲಿ ಡಿಸ್ಕ್ ಓದುವ ಭಾಗವಿದೆಯೆ? ಡಿಸ್ಕಿನಲ್ಲಿ ಇಡೀ ಆಟವಿದೆಯೆ, ಉಳಿದುದನ್ನು ಇಳಿಸಿಕೊಳ್ಳಬೇಕೆ? ಜಾಲದ ಸಂಪರ್ಕ ಕಡಿದರೂ ಆಟ ನಡೆದೀತೆ? ಮೂರಕ್ಕೂ ಅನುಕೂಲವಾದ ಉತ್ತರ ದೊರೆತರೆ ಡಿಸ್ಕೇ ಮೇಲು. ಆದರೆ ಕರಾವಳಿಯ ಮಳೆಗಾಲದಲ್ಲಿ ಅದನ್ನು ತೇವದಿಂದಲೂ, ಎಂದಿಗೂ ಗೀರುಗಳಿಂದಲೂ ಕಾಪಾಡಬೇಕು. ಏಕೆಂದರೆ ಬ್ಲೂ-ರೇಯ ಬಿಟ್‌ಗಳು ಮೇಲ್ಮೈಯಿಂದ ಕೇವಲ 0.1 ಮಿಲಿಮೀಟರ್ ಆಳದಲ್ಲಿವೆ.